ನಾಲ್ಕು ಹುಣಸೆ ಮರ ಮತ್ತು ‘ನಿಷ್ಫಲ’ ಎಂಬ ಪದ: ಒಂದು ದಾವೆಯ ಪ್ರಕರಣ ಅಧ್ಯಯನ

ಎದುರು ಪಕ್ಷದ ವಕೀಲರು ಕೊಟ್ಟ ಮೆಮೊ ಒಂದೇ ಹಾಳೆಯದು. ಅದರಲ್ಲಿ ಮೂರೇ ಸಾಲು. ‘ದಾವಾ ಸ್ವತ್ತಿನಲ್ಲಿದ್ದ ಮರಗಳು ಈಗ ಇಲ್ಲ. ಆದ್ದರಿಂದ ವಾದಿ ಕೇಳಿರುವ ಪರಿಹಾರ ನಿಷ್ಫಲವಾಗಿದೆ. ದಾವೆಯನ್ನು ವಜಾ ಮಾಡಬೇಕು.’ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಕಕ್ಷಿದಾರ ಅಮ್ಮನಿಗೆ ಅದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಮರ ಹೋದ್ವು. ಈಗ ಕೇಸೂ ಹೋಗುತ್ತಾ ಸಾರ್?’

‘ಇಲ್ಲಮ್ಮ, ಹೋಗಲ್ಲ’ ಅಂದೆ. ಹೇಳೋದು ಸುಲಭ. ಅದನ್ನು ನಿಜ ಮಾಡಿ ತೋರಿಸೋಕೆ ಹತ್ತಿರ ಹತ್ತಿರ ಮೂರು ವರ್ಷ ಬೇಕಾಯಿತು.

‘ಇನ್‌ಫ್ರಕ್ಚುಯಸ್’ ಅನ್ನುವ ಪದ ನಮ್ಮ ಕೋರ್ಟುಗಳಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ‘ನಿಷ್ಫಲ’. ಅದರ ಅರ್ಥ ಸರಿಯಾಗಿ ತಿಳಿಯದೆ, ಕೇಸು ಸೋತೆವು ಅಂದುಕೊಂಡು ಹಕ್ಕು ಬಿಟ್ಟು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಅದಕ್ಕೇ ಈ ಒಂದು ದಾವೆಯನ್ನು ಮೊದಲಿನಿಂದ ಕೊನೆವರೆಗೆ ಬರೆಯುತ್ತಿದ್ದೇನೆ. ಊರು, ಹೆಸರು, ಕೋರ್ಟು ಯಾವುದನ್ನೂ ಹೇಳುವುದಿಲ್ಲ.

ಬದುವಿನ ಮೇಲಿನ ಜಗಳ

ಅಮ್ಮನ ಜಮೀನು ಎರಡು ಎಕರೆಗೆ ಸ್ವಲ್ಪ ಕಡಿಮೆ. ಗಂಡ ತೀರಿಕೊಂಡ ಮೇಲೆ ಪಹಣಿ ಅವರ ಹೆಸರಿಗೆ ಬಂದಿತ್ತು. ಪೂರ್ವದ ಬದುವಿನಲ್ಲಿ ನಾಲ್ಕು ಹುಣಸೆ ಮರ. ಮಾವನ ಕಾಲದವು. ಹೊಲದಲ್ಲಿ ರಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹುಣಸೆ ಮಾತ್ರ ಕೈಬಿಟ್ಟಿದ್ದು ಕಡಿಮೆ. ಪ್ರತಿ ವರ್ಷ ಕಾಯಿ ಕಟ್ಟಿದ ಮೇಲೆ ವ್ಯಾಪಾರಿ ಬಂದು ಮರ ನೋಡಿ, ಗುತ್ತಿಗೆ ಮಾತಾಡಿ, ಮುಂಗಡ ಕೊಟ್ಟು ಹೋಗುತ್ತಿದ್ದ. ಒಂದು ಚೀಟಿಯನ್ನೂ ಬರೆದು ಕೊಡುತ್ತಿದ್ದ. ಆ ಚೀಟಿಗಳನ್ನೆಲ್ಲ ಅಮ್ಮ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರು. ಈ ಕವರನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಕೇಸು ನಿಂತಿದ್ದು ಅದರ ಮೇಲೆಯೇ.

ಪಕ್ಕದ ಜಮೀನನ್ನು ಹೊಸಬರು ಕೊಂಡರು. ನೆಲ ಸಮ ಮಾಡಿಸಿ ಬೇಲಿ ಹಾಕಬೇಕು ಅಂತ ಅವರ ಆಸೆ. ಮರಗಳು ತಮ್ಮ ಹದ್ದಿನೊಳಗಿವೆ ಅಂದರು. ಊರಿನ ಹಿರಿಯರು ಕೂತು ಮಾತಾಡಿದರು, ಬಗೆಹರಿಯಲಿಲ್ಲ. ‘ಮುಂದಿನ ವಾರ ಮಿಷನ್ ತರುತ್ತೇವೆ’ ಅಂತ ಅವರು ಹೇಳಿ ಹೋದ ಮಾರನೇ ದಿನ ಅಮ್ಮ ನನ್ನ ಆಫೀಸಿಗೆ ಬಂದರು.

ಶಾಶ್ವತ ನಿರ್ಬಂಧಕಾಜ್ಞೆಗೆ ದಾವೆ ಹಾಕಿದೆವು. ಕೇಳಿದ್ದು ಒಂದೇ ಮಾತು: ಪ್ರತಿವಾದಿಗಳು ಆ ನಾಲ್ಕು ಮರಗಳನ್ನು ಕಡಿಯಬಾರದು. ಜೊತೆಗೆ ತಾತ್ಕಾಲಿಕ ನಿರ್ಬಂಧಕಾಜ್ಞೆಗೆ ಒಂದು ಅರ್ಜಿ. ಇಂಥ ಅರ್ಜಿಯಲ್ಲಿ ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟು ಕೇಳಿಯೇ ಆದೇಶ ಮಾಡಬೇಕು ಅನ್ನುವುದು ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ರ ಮೂಲ ಮಾತು. ತಡವಾದರೆ ಅರ್ಜಿಯ ಉದ್ದೇಶವೇ ಕೆಡುತ್ತದೆ ಅಂತ ಕೋರ್ಟಿಗೆ ಅನ್ನಿಸಿದರೆ, ಕಾರಣ ಬರೆದು, ನೋಟಿಸ್ ಇಲ್ಲದೆಯೂ ಕೊಡಬಹುದು. ಮರ ಕಡಿಯುವ ಬೆದರಿಕೆಗಿಂತ ಒಳ್ಳೆಯ ಉದಾಹರಣೆ ಬೇಕಾ? ಆದರೆ ಪಕ್ಕದವರು ನಮಗಿಂತ ಮೊದಲೇ ಕಲಂ 148ಎ ಅಡಿ ಕೇವಿಯಟ್ ಹಾಕಿಬಿಟ್ಟಿದ್ದರು. ಕೇವಿಯಟ್ ಅಂದರೆ ‘ನಮ್ಮನ್ನು ಕೇಳದೆ ಆದೇಶ ಮಾಡಬೇಡಿ’ ಅಂತ ಮುಂಚೆಯೇ ಕೊಡುವ ಅರ್ಜಿ. 90 ದಿನ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಮೊದಲ ದಿನವೇ ಅವರ ವಕೀಲರು ಎದ್ದು ನಿಂತು ತಕರಾರು ಹಾಕಲು ಕಾಲಾವಕಾಶ ಕೇಳಿದರು. ಒಂದು ವಾರ ಸಿಕ್ಕಿತು.

ಇಲ್ಲಿ ನನ್ನ ತಪ್ಪನ್ನು ಬರೆಯಲೇಬೇಕು. ‘ಕಾಲಾವಕಾಶ ಕೊಡಿ, ಆದರೆ ಅಲ್ಲಿವರೆಗೆ ಮರ ಮುಟ್ಟುವುದಿಲ್ಲ ಅಂತ ಅವರ ಹೇಳಿಕೆ ದಾಖಲಿಸಿ’ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೋರ್ಟಿನಲ್ಲಿ ವಿಷಯ ಇರುವಾಗ ಕೈ ಹಾಕಲಾರರು ಅಂತ ನಂಬಿದೆ.

ಆ ವಾರದಲ್ಲಿ ಎರಡನೇ ಶನಿವಾರ, ಭಾನುವಾರ, ಸೋಮವಾರ ಸಂಕ್ರಾಂತಿ. ಮೂರು ದಿನ ಕೋರ್ಟಿಗೆ ರಜೆ. ಭಾನುವಾರ ಬೆಳಿಗ್ಗೆ ಅಮ್ಮ ಫೋನ್ ಮಾಡಿದರು. ಮಾತಿಗಿಂತ ಜಾಸ್ತಿ ಗರಗಸದ ಸದ್ದೇ ಕೇಳಿಸುತ್ತಿತ್ತು. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರು, ಕೋರ್ಟ್ ಆರ್ಡರ್ ತನ್ನಿ’ ಅಂದರಂತೆ. ಆರ್ಡರ್ ಇರಲಿಲ್ಲ. ಆರ್ಡರ್ ಇಲ್ಲದ ಮೇಲೆ ಅದನ್ನು ಮುರಿದರು ಅಂತ ಆದೇಶ 39, ನಿಯಮ 2ಎ ಅಡಿ ಕ್ರಮ ಕೇಳುವ ದಾರಿಯೂ ಇರಲಿಲ್ಲ.

ಸಂಜೆ ನಾನು ಹೊಲಕ್ಕೆ ಹೋದೆ. ಹುಣಸೆ ಕೀಳುವ ಕಾಲ ಅದು. ಬಿದ್ದ ಕೊಂಬೆಗಳ ತುಂಬ ಕಾಯಿ. ಕೆಲವು ಇನ್ನೂ ದೋರಗಾಯಿ, ಕೆಲವು ಒಡೆದು ಮಣ್ಣಿಗೆ ಅಂಟಿದ್ದವು. ನಾಲ್ಕು ಬೊಡ್ಡೆಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ಒಳಗಿನ ಕಪ್ಪು ಚೇಗು ಒದ್ದೆಯಾಗಿ ಹೊಳೆಯುತ್ತಿತ್ತು. ಅಮ್ಮ ಒಂದು ಬೊಡ್ಡೆಯ ಮೇಲೆ ಕೈ ಇಟ್ಟುಕೊಂಡು, ‘ಕೋರ್ಟಿಗೆ ಹೋಗಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು’ ಅಂದರು. ಬೇರೆ ಯಾರಾದರೂ ಹೇಳಿದ್ದರೆ ಅದು ಬರೀ ಗಾದೆ ಮಾತಾಗಿ ಕೇಳುತ್ತಿತ್ತು.

ಮಂಗಳವಾರ ಕೋರ್ಟು ತೆರೆಯಿತು. ತಕರಾರಿನ ಬದಲು ಆ ಮೂರು ಸಾಲಿನ ಮೆಮೊ ಬಂತು.

ನಿಷ್ಫಲ ಅಂದರೆ ಏನು

ಲ್ಯಾಟಿನ್‌ನಲ್ಲಿ ‘ಫ್ರಕ್ಟಸ್’ ಅಂದರೆ ಹಣ್ಣು, ಫಲ. ಇನ್‌ಫ್ರಕ್ಚುಯಸ್ ಅಂದರೆ ಫಲ ಕೊಡದ್ದು. ನಮ್ಮ ‘ನಿಷ್ಫಲ’ ಕೂಡ ಅದೇ ರೀತಿ ಕಟ್ಟಿದ ಪದ. ಹಾಗಾಗಿ ಅನುವಾದದಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ನಾವು ಅದರ ಜಾಗಕ್ಕೆ ಬೇರೆ ಪದಗಳನ್ನು ತಂದು ಕೂರಿಸುವುದರಲ್ಲಿ. ‘ವಿಫಲ’ ಅಂದರೆ ಪ್ರಯತ್ನ ಮಾಡಿದವನು ಸೋತ ಅನ್ನುವ ಧ್ವನಿ ಇದೆ. ‘ವ್ಯರ್ಥ’ ಅಂದರೆ ಮಾಡಲೇಬಾರದಿತ್ತು ಅನ್ನುವ ಹಾಗೆ. ‘ಅಸಿಂಧು’, ‘ಅನೂರ್ಜಿತ’ ಇವು ಕಾನೂನಿನ ಬಲವೇ ಇಲ್ಲದ್ದಕ್ಕೆ ಹೇಳುವ ಮಾತು. ನಿಷ್ಫಲ ಇದ್ಯಾವುದೂ ಅಲ್ಲ. ಅರ್ಜಿ ಹಾಕಿದ ದಿನ ಅದಕ್ಕೆ ಅರ್ಥವಿತ್ತು. ಆಮೇಲೆ ನಡೆದ ಘಟನೆಯಿಂದ, ಇವತ್ತು ಅದರ ಮೇಲೆ ಆದೇಶ ಮಾಡಿದರೂ ಯಾರಿಗೂ ಏನೂ ಸಿಗುವುದಿಲ್ಲ. ಅಷ್ಟೇ ಅದರ ಅರ್ಥ. ಯಾರು ಸರಿ, ಯಾರು ತಪ್ಪು ಅನ್ನುವ ಬಗ್ಗೆ ಆ ಪದ ಒಂದಕ್ಷರವೂ ಹೇಳುವುದಿಲ್ಲ.

ನಿರೀಕ್ಷಣಾ ಜಾಮೀನು ಕೇಳಿದ ವ್ಯಕ್ತಿಯನ್ನು ಅರ್ಜಿ ವಿಚಾರಣೆಗೆ ಬರುವ ಮೊದಲೇ ಬಂಧಿಸಿದರೆ ಆ ಅರ್ಜಿ ನಿಷ್ಫಲ. ಬಂಧನಕ್ಕೆ ಮುಂಚಿನ ರಕ್ಷಣೆ ಅದು. ಈಗ ಸಾಮಾನ್ಯ ಜಾಮೀನು ಕೇಳಬೇಕು. ಪರೀಕ್ಷೆಗೆ ಹಾಲ್ ಟಿಕೆಟ್ ಕೊಡಿ ಅಂತ ರಿಟ್ ಹಾಕಿ, ಪರೀಕ್ಷೆಯೇ ಮುಗಿದು ಹೋದರೆ ಆ ಕೋರಿಕೆಯೂ ಹಾಗೇ. ಕಾಣೆಯಾದ ಮಗಳನ್ನು ಹಾಜರುಪಡಿಸಿ ಅಂತ ಹೇಬಿಯಸ್ ಕಾರ್ಪಸ್ ಹಾಕಿದ ಮೇಲೆ ಮಗಳೇ ಮನೆಗೆ ಬಂದರೆ ಅರ್ಜಿ ನಿಷ್ಫಲ, ತಂದೆತಾಯಿಗೆ ಸಂತೋಷ. ಪಿಂಚಣಿಗಾಗಿ ಅರ್ಜಿ ಹಾಕಿದ್ದಾಗ ಇಲಾಖೆಯೇ ಮಧ್ಯದಲ್ಲಿ ಮಂಜೂರು ಮಾಡಿದರೂ ಅದೇ ಪದ. ಅಲ್ಲಿ ಅರ್ಜಿದಾರ ಗೆದ್ದಿದ್ದಾನೆ! ಹಾಗಿದ್ದರೂ ಆದೇಶದ ಪ್ರತಿಯಲ್ಲಿ ‘ನಿಷ್ಫಲ’ ಅಂತ ನೋಡಿ ಬೇಜಾರಾದವರನ್ನು ನಾನೇ ಸಮಾಧಾನ ಮಾಡಿದ್ದೇನೆ. ಹಿಂಬಾಕಿ, ಬಡ್ಡಿ ಇನ್ನೂ ಬರಬೇಕಿದ್ದರೆ ಅದನ್ನು ಆ ಆದೇಶದಲ್ಲೇ ಬರೆಸಿಕೊಳ್ಳಬೇಕು ಅನ್ನುವುದು ಬೇರೆ ಮಾತು.

ಕೋರ್ಟಿನ ಹೊರಗೆ ಈ ಪದ ಸರ್ಕಾರಿ ಲೆಕ್ಕಪತ್ರದಲ್ಲಿದೆ. ಹಣ ಖರ್ಚಾಗಿದೆ, ಅದರಿಂದ ಯಾರಿಗೂ ಉಪಯೋಗವಾಗಿಲ್ಲ ಅಂದರೆ ಲೆಕ್ಕಪರಿಶೋಧಕರು ಅದನ್ನು ನಿಷ್ಫಲ ವೆಚ್ಚ ಅನ್ನುತ್ತಾರೆ. ಅಲ್ಲಿ ಪದಕ್ಕೆ ಆರೋಪದ ಮೊನಚು ಇದೆ. ಕೋರ್ಟಿನ ನಿಷ್ಫಲಕ್ಕೆ ಅದಿಲ್ಲ. ಇನ್ನು ಕ್ರಿಮಿನಲ್ ಕಾನೂನು ಫಲ ಸಿಗದ ಪ್ರಯತ್ನವನ್ನು ನೋಡುವ ರೀತಿಯೇ ಬೇರೆ. ಜೇಬಿಗೆ ಕೈ ಹಾಕಿದ ಕಳ್ಳನಿಗೆ ಅಲ್ಲಿ ಏನೂ ಸಿಗದಿದ್ದರೂ ಅವನು ತಪ್ಪಿತಸ್ಥನೇ. ಭಾರತೀಯ ದಂಡ ಸಂಹಿತೆಯ ಕಲಂ 511ರಲ್ಲಿದ್ದ ಈ ಉದಾಹರಣೆ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 62ರಲ್ಲಿದೆ. ಕೆಟ್ಟದ್ದು ಮಾಡಲು ಹೋಗಿ ಕೈಗೂಡದಿದ್ದರೂ ಕಾನೂನು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ. ಹಾಗಾದರೆ ತನ್ನದನ್ನು ಉಳಿಸಿಕೊಳ್ಳಲು ಹೋಗಿ ಕೈಗೂಡದವರ ಪ್ರಯತ್ನಕ್ಕೂ ಲೆಕ್ಕ ಇರಬೇಕು ಅಲ್ವಾ? ನಮ್ಮ ದಾವೆಯ ಪ್ರಶ್ನೆ ಅದೇ ಆಗಿತ್ತು.

‘ವಜಾ’ ಅನ್ನುವ ಬಾಲ

ಮೆಮೊ ಓದಿದಾಗ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ. ನಿಷ್ಫಲವಾಗಿದೆ ಅಂತ ‘ವಿಲೇವಾರಿ’ ಮಾಡಿ ಅಂತ ಅವರು ಕೇಳಿರಲಿಲ್ಲ. ‘ವಜಾ’ ಮಾಡಿ ಅಂತ ಕೇಳಿದ್ದರು. ದಿನನಿತ್ಯದ ಮಾತಿನಲ್ಲಿ ಎರಡೂ ಒಂದೇ ಅನ್ನಿಸುತ್ತದೆ. ನನ್ನ ಜೂನಿಯರ್ ಕೂಡ, ‘ಸಾರ್, ಒಪ್ಪಿಕೊಂಡು ಮುಗಿಸೋಣ. ನಷ್ಟಕ್ಕೆ ಬೇರೆ ದಾವೆ ಹಾಕೋಣ’ ಅಂದ. ಅವನ ಮಾತಿನಲ್ಲಿ ಅರ್ಧ ಸರಿ ಇತ್ತು. ಸಿಪಿಸಿ ಕಲಂ 11ರ ಪ್ರಕಾರ ಒಂದು ವಿಷಯ ಮತ್ತೆ ಎತ್ತಬಾರದು ಅನ್ನಬೇಕಾದರೆ ಅದು ಮೊದಲ ದಾವೆಯಲ್ಲಿ ವಿಚಾರಣೆಯಾಗಿ ಅಂತಿಮವಾಗಿ ತೀರ್ಮಾನ ಆಗಿರಬೇಕು. ನಿಷ್ಫಲ ಅಂತ ಮುಗಿದ ದಾವೆಯಲ್ಲಿ ಏನೂ ತೀರ್ಮಾನವಾಗಿರುವುದಿಲ್ಲ. ಒಂದೇ ಕಾರಣದ ಕೋರಿಕೆಗಳನ್ನೆಲ್ಲ ಒಮ್ಮೆಗೇ ಕೇಳಬೇಕು ಅನ್ನುವ ಆದೇಶ 2, ನಿಯಮ 2ರ ಅಡ್ಡಿಯೂ ಇಲ್ಲ. ದಾವೆ ಹಾಕಿದ ದಿನ ಮರ ನಿಂತಿತ್ತು, ನಷ್ಟ ಇರಲೇ ಇಲ್ಲ. ಇಲ್ಲದ ನಷ್ಟವನ್ನು ಆಗಲೇ ಯಾಕೆ ಕೇಳಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ.

ಆದರೆ ಅವನು ನೋಡದೇ ಇದ್ದ ಒಂದು ಕಲಂ ಇತ್ತು. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಕಲಂ 40. ಅದರ ಮೊದಲ ಉಪಕಲಂ, ನಿರ್ಬಂಧಕಾಜ್ಞೆ ಕೇಳಿದ ವಾದಿ ಅದರ ಜೊತೆಗೆ ಅಥವಾ ಅದರ ಬದಲಿಗೆ ನಷ್ಟ ಪರಿಹಾರ ಕೇಳಬಹುದು ಅನ್ನುತ್ತದೆ. ಎರಡನೆಯದು, ವಾದಪತ್ರದಲ್ಲಿ ಕೇಳದೆ ಕೊಡುವಂತಿಲ್ಲ ಅನ್ನುತ್ತದೆ. ಆದರೆ ಕೇಳದೇ ಇದ್ದವರಿಗೆ ದಾವೆಯ ಯಾವ ಹಂತದಲ್ಲಾದರೂ ತಿದ್ದುಪಡಿಗೆ ಕೋರ್ಟು ಅವಕಾಶ ಕೊಡಬೇಕು ಅಂತಲೂ ಅಲ್ಲೇ ಇದೆ. ಮೂರನೆಯದು ಚುಚ್ಚುವಂಥದ್ದು: ಬಾಧ್ಯತೆಯ ಉಲ್ಲಂಘನೆ ತಡೆಯಲು ಹಾಕಿದ ದಾವೆ ವಜಾ ಆದರೆ, ಅದೇ ಉಲ್ಲಂಘನೆಗೆ ನಷ್ಟ ಪರಿಹಾರ ಕೇಳಿ ಮತ್ತೆ ದಾವೆ ಹಾಕುವ ಹಕ್ಕು ಇರುವುದಿಲ್ಲ.

ಅಲ್ಲಿರುವುದು ‘ವಜಾ’ ಅನ್ನುವ ಒಂದೇ ಪದ. ಯಾವ ಕಾರಣಕ್ಕೆ ವಜಾ ಅಂತ ಹೇಳಿಲ್ಲ. ಗುಣದೋಷ ನೋಡದೆ ಆದ ವಜಾಕ್ಕೆ ಇದು ಅನ್ವಯಿಸುವುದಿಲ್ಲ ಅಂತ ವಾದ ಮಾಡಬಹುದು. ನನ್ನ ಅಭಿಪ್ರಾಯವೂ ಅದೇ. ಆದರೆ ಆ ವಾದವನ್ನು ಎರಡು ಎಕರೆ ಹೊಲದ ಒಬ್ಬ ಹೆಂಗಸಿನ ದುಡ್ಡಿನಲ್ಲಿ, ಮೇಲಿನ ಕೋರ್ಟುಗಳವರೆಗೆ ಹೋಗಿ ಯಾಕೆ ಪರೀಕ್ಷೆ ಮಾಡಬೇಕು? ಮರ ಕಡಿದವರೇ ‘ಮರ ಇಲ್ಲ, ದಾವೆ ವಜಾ ಮಾಡಿ’ ಅಂತ ಕೇಳಿ, ನಾಳೆ ‘ದಾವೆ ವಜಾ ಆಗಿದೆ, ನಷ್ಟ ಕೇಳುವಂತಿಲ್ಲ’ ಅನ್ನುವ ದಾರಿ ಅದು. ಊರು ಕೊಳ್ಳೆ ಹೊಡೆದವರೇ ಕೋಟೆ ಬಾಗಿಲು ಹಾಕಿ ಬೀಗ ಜಡಿದ ಹಾಗೆ.

ದಾವೆಯನ್ನು ನಾವಾಗಿಯೇ ಹಿಂದಕ್ಕೆ ಪಡೆಯುವ ದಾರಿಯೂ ಇತ್ತು. ಆದರೆ ಆದೇಶ 23, ನಿಯಮ 1ರ ಅಡಿ ಹೊಸ ದಾವೆಗೆ ಅನುಮತಿ ಕೋರಿ ಪಡೆಯದಿದ್ದರೆ ಅದೂ ಬಾಗಿಲು ಮುಚ್ಚುತ್ತದೆ. ಇರುವ ದಾವೆಯಲ್ಲೇ ನಿಂತು ತಿದ್ದುಪಡಿ ಕೇಳುವುದೇ ಸರಿ ಅಂತ ತೀರ್ಮಾನಿಸಿದೆ.

ಬೊಡ್ಡೆ ಉಳಿಸಲು ಒಂದು ಅರ್ಜಿ

ಅದಕ್ಕೂ ಮೊದಲು ಒಂದು ಅವಸರದ ಕೆಲಸ ಇತ್ತು. ಬೊಡ್ಡೆಗಳನ್ನು ಜೆಸಿಬಿಯಿಂದ ಕಿತ್ತು ನೆಲ ಸಮ ಮಾಡಿಬಿಟ್ಟರೆ ಮರ ಎಲ್ಲಿತ್ತು, ಯಾರ ಹದ್ದಿನಲ್ಲಿತ್ತು, ಎಷ್ಟು ದಪ್ಪ ಇತ್ತು ಅನ್ನುವುದಕ್ಕೆ ಗುರುತೇ ಉಳಿಯುತ್ತಿರಲಿಲ್ಲ. ಮರ ಉಳಿಸಲು ಹೋದವರು ಈಗ ಬೊಡ್ಡೆ ಉಳಿಸಲು ನಿಂತೆವು. ದಾವೆಯ ವಿಷಯವಾಗಿರುವ ವಸ್ತುವನ್ನು ಹಾಗೇ ಕಾಪಾಡಿ ಇಡಲು, ಪರಿಶೀಲಿಸಲು ಆದೇಶ ಕೇಳಬಹುದು ಅಂತ ಆದೇಶ 39, ನಿಯಮ 7ರಲ್ಲಿದೆ. ಅಂದು ಮಧ್ಯಾಹ್ನವೇ ಕೈಬರಹದಲ್ಲಿ ಅರ್ಜಿ ಬರೆದು ಕೊಟ್ಟೆವು. ಎರಡೂ ಕಡೆಯವರು ಹಾಜರಿದ್ದರು. ಸಂಜೆ ಕೋರ್ಟು ಏಳುವ ಮೊದಲು ಯಥಾಸ್ಥಿತಿ ಆದೇಶ ಆಯಿತು. ಈ ಸಲ ನಾನು ಪ್ರತಿ ಕೈಗೆ ಬರುವವರೆಗೆ ಅಲ್ಲಿಂದ ಏಳಲಿಲ್ಲ.

ಆಮೇಲೆ ಆದೇಶ 26, ನಿಯಮ 9ರ ಅಡಿ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ. ಒಬ್ಬ ವಕೀಲರು ಕಮಿಷನರ್, ಜೊತೆಗೆ ಸರ್ವೆಯರ್. ಅವರು ಹೊಲಕ್ಕೆ ಬಂದದ್ದು ಯುಗಾದಿ ಕಳೆದ ಮೇಲೆ. ಒಂದು ಬಾಂದುಕಲ್ಲು ಜಾಗದಲ್ಲಿರಲಿಲ್ಲ. ಕಿತ್ತು ಬದುವಿನ ಆಚೆ ಎಸೆದಿದ್ದರು. ಹಳೆಯ ನಕ್ಷೆ ಹಿಡಿದು ಅಳತೆ ಮಾಡಿದಾಗ ಮೂರು ಬೊಡ್ಡೆ ಪೂರ್ತಿ ಅಮ್ಮನ ಕಡೆ ಬಂದವು. ನಾಲ್ಕನೆಯದು ಸರಿಯಾಗಿ ಗೆರೆಯ ಮೇಲೆ. ಕಮಿಷನರ್ ಪ್ರತಿ ಬೊಡ್ಡೆಯ ಸುತ್ತಳತೆ ಬರೆದುಕೊಂಡರು. ಫೋಟೋ ತೆಗೆದರು. ವರದಿಯ ಕೊನೆಗೆ ಒಂದು ಸಾಲು ಸೇರಿಸಿದರು: ‘ಎರಡು ಬೊಡ್ಡೆಗಳಲ್ಲಿ ಚಿಗುರು ಬಂದಿರುವುದು ಕಂಡುಬಂದಿದೆ.’ ಹುಣಸೆಯ ಗುಣವೇ ಹಾಗೆ. ಕಡಿದರೂ ಬುಡದಿಂದ ಒಡೆಯುತ್ತದೆ. ಆಗ ಆ ಸಾಲು ಯಾರಿಗೂ ಮುಖ್ಯ ಅನ್ನಿಸಲಿಲ್ಲ.

ತಿದ್ದುಪಡಿಯ ಮೇಲೆ ವಾದ

ತಿದ್ದುಪಡಿ ಅರ್ಜಿ ಹಾಕಿದ್ದು ಆದೇಶ 6, ನಿಯಮ 17 ಮತ್ತು ಕಲಂ 40ರ ಎರಡನೇ ಉಪಕಲಂ ಎರಡನ್ನೂ ಹಿಡಿದು. ಸೇರಿಸಿದ್ದು ಮೂರು: ಮರ ಕಡಿದ ಘಟನೆಯ ವಿವರ, ನಷ್ಟ ಪರಿಹಾರದ ಕೋರಿಕೆ, ಬಾಂದುಕಲ್ಲು ಮತ್ತೆ ನೆಡಿಸಬೇಕು ಅನ್ನುವ ಆಜ್ಞಾಪಕ ನಿರ್ಬಂಧಕಾಜ್ಞೆ (ಮಾಡಬೇಡಿ ಅನ್ನುವ ಬದಲು ಇಂಥದ್ದು ಮಾಡಿ ಅನ್ನುವ ಆಜ್ಞೆ). ಮೂಲ ಕೋರಿಕೆಯನ್ನು ಅಳಿಸಲಿಲ್ಲ. ನಷ್ಟದ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕಾಯಿತು. ಅಮ್ಮ ಅದನ್ನು ಹೊಂದಿಸಲು ಎರಡು ತಿಂಗಳು ಓಡಾಡಿದರು. ಇದನ್ನು ಬರೆಯಲು ಕಾರಣ ಇದೆ. ‘ತಿದ್ದುಪಡಿ ಮಾಡಿದರೆ ಆಯಿತು’ ಅಂತ ನಾವು ಬಾಯಲ್ಲಿ ಹೇಳುತ್ತೇವೆ. ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕಕ್ಷಿದಾರರಿಗೇ ಗೊತ್ತು.

ಎದುರು ವಕೀಲರ ತಕರಾರು ಹೀಗಿತ್ತು: ದಾವೆಯ ಸ್ವರೂಪವೇ ಬದಲಾಗುತ್ತದೆ. ಮರ ಕಡಿಯದಂತೆ ತಡೆ ಕೇಳಿದ ದಾವೆ ಈಗ ಹಣದ ದಾವೆ ಆಗುತ್ತದೆ. ಬೇಕಿದ್ದರೆ ಅವರು ಬೇರೆ ದಾವೆ ಹಾಕಿಕೊಳ್ಳಲಿ. ಜೊತೆಗೆ ಸುಪ್ರೀಂ ಕೋರ್ಟಿನ 2004ರ ಶಿಪ್ಪಿಂಗ್ ಕಾರ್ಪೊರೇಷನ್ ಮತ್ತು ಮಚಾಡೊ ಬ್ರದರ್ಸ್ ಪ್ರಕರಣದ ತೀರ್ಪನ್ನು ಮುಂದಿಟ್ಟರು. ನಂತರದ ಘಟನೆಯಿಂದ ದಾವೆ ನಿಷ್ಫಲವಾದರೆ ಅದನ್ನು ಸುಮ್ನೆ ಎಳೆಯಬಾರದು, ಕಲಂ 151ರ ಅಂತರ್ಗತ ಅಧಿಕಾರ ಬಳಸಿ ಮುಗಿಸಬೇಕು ಅನ್ನುವುದು ಅದರ ಸಾರ.

ತೀರ್ಪು ಒಳ್ಳೆಯದೇ. ಸತ್ತ ದಾವೆಗಳನ್ನು ಹೊತ್ತುಕೊಂಡು ತಿರುಗುವುದು ಯಾರಿಗೂ ಬೇಡ. ಆದರೆ ಆ ಪ್ರಕರಣ ಒಂದು ಏಜೆನ್ಸಿ ಕರಾರು ರದ್ದು ಮಾಡಿದ ನೋಟಿಸಿನ ಬಗ್ಗೆ. ಮೊದಲ ನೋಟಿಸಿನ ಮೇಲೆ ದಾವೆ ಇರುವಾಗಲೇ ಇನ್ನೊಂದು ನೋಟಿಸ್ ಬಂದು, ಮೊದಲನೆಯದರ ಮೇಲಿನ ಜಗಳಕ್ಕೆ ಅರ್ಥವೇ ಉಳಿದಿರಲಿಲ್ಲ. ನ್ಯಾಯಕ್ಕೆ ಏನು ಬೇಕೋ ಅದನ್ನು ಮಾಡಬೇಕು ಅನ್ನುವುದೇ ಅಲ್ಲಿಯ ತಳಹದಿ. ನಾವು 1975ರ ಪಸುಪುಲೇಟಿ ವೆಂಕಟೇಶ್ವರಲು ತೀರ್ಪನ್ನು ಓದಿದೆವು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಬಾಡಿಗೆ ಮಳಿಗೆ ತೆರವು ಮಾಡಿಸಲು ಮಾಲೀಕ ಹಾಕಿದ ಪ್ರಕರಣ ಅದು. ನಡುವೆ ಆ ಮಾಲೀಕನಿಗೆ ಬೇರೆ ಜಾಗ ಸಿಕ್ಕಿತ್ತು. ಹಕ್ಕನ್ನು ದಾವೆ ಹಾಕಿದ ದಿನಕ್ಕೆ ಅಳೆಯಬೇಕು ಅನ್ನುವುದು ಸಾಮಾನ್ಯ ನಿಯಮವಾದರೂ, ಪರಿಹಾರದ ಮೇಲೆ ನೇರ ಪರಿಣಾಮ ಬೀರುವ ನಂತರದ ಘಟನೆಗೆ ಕೋರ್ಟು ಕಣ್ಣು ಮುಚ್ಚಬಾರದು, ಪರಿಹಾರವನ್ನು ಅದಕ್ಕೆ ತಕ್ಕಂತೆ ರೂಪಿಸಬೇಕು ಅಂತ ಅಲ್ಲಿ ಹೇಳಿದೆ. ಕಾರ್ಯವಿಧಾನ ನ್ಯಾಯದ ಸೇವಕಿ, ಒಡತಿ ಅಲ್ಲ ಅನ್ನುವ ಮಾತೂ ಅದರಲ್ಲೇ ಬರುತ್ತದೆ.

ಆಗ ನ್ಯಾಯಾಧೀಶರು ಎದುರು ವಕೀಲರನ್ನು ಒಂದು ಪ್ರಶ್ನೆ ಕೇಳಿದರು. ‘ಬೇರೆ ದಾವೆ ಹಾಕಲಿ ಅಂತೀರಿ. ಸರಿ. ನಷ್ಟಕ್ಕೆ ಹೊಸ ದಾವೆ ಹಾಕಲು ಅಡ್ಡಿ ಇಲ್ಲ, ಕಲಂ 40(3)ರ ತಕರಾರು ಎತ್ತುವುದಿಲ್ಲ ಅಂತ ಬರೆದುಕೊಳ್ಳಲಾ?’

ವಕೀಲರು ತಮ್ಮ ಕಕ್ಷಿದಾರರ ಮುಖ ನೋಡಿದರು. ‘ಕಾನೂನಿನ ಪ್ರಕಾರ ಏನಿದೆಯೋ ಹಾಗೆ ಸ್ವಾಮಿ’ ಅಂದರು.

‘ಅಂದರೆ ಎತ್ತುತ್ತೀರಿ.’

ಅವರು ಉತ್ತರ ಕೊಡಲಿಲ್ಲ. ತಿದ್ದುಪಡಿಗೆ ಅನುಮತಿ ಸಿಕ್ಕಿತು. ಎದುರು ಪಕ್ಷಕ್ಕೆ ನಾವು ಸಣ್ಣ ಮೊತ್ತದ ವೆಚ್ಚ ಕೊಡಬೇಕು ಅನ್ನುವ ಷರತ್ತೂ ಜೊತೆಗಿತ್ತು. ಅದು ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥ ಮಾಡಿಸಲು ನನಗೂ ಆಗಿಲ್ಲ.

ಚಿಗುರು

ಸಾಕ್ಷಿ ವಿಚಾರಣೆಯಲ್ಲಿ ಕವರಿನ ಚೀಟಿಗಳು ಹೊರಬಂದವು. ಕೆಲವು ಮಾಸಿಹೋಗಿದ್ದವು. ಒಂದರ ಮೇಲೆ ಎಣ್ಣೆ ಕಲೆ. ಗುತ್ತಿಗೆ ಹಿಡಿಯುತ್ತಿದ್ದ ವ್ಯಾಪಾರಿ ಬಂದು, ಇದು ತನ್ನದೇ ಬರಹ, ಇಷ್ಟು ವರ್ಷ ಇದೇ ಮರ ಹಿಡಿದಿದ್ದೆ ಅಂತ ಹೇಳಿದ. ಪಾಟಿ ಸವಾಲಿನಲ್ಲಿ ಅವನನ್ನು ಅಲ್ಲಾಡಿಸಲು ತುಂಬ ಪ್ರಯತ್ನ ನಡೆಯಿತು. ಮರದ ಬುಡದಲ್ಲಿ ಹುತ್ತ ಇದ್ದದ್ದು ಯಾವುದಕ್ಕೆ, ಕಾಯಿ ಉದ್ದ ಯಾವುದರದ್ದು, ಯಾವುದು ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುತ್ತಿತ್ತು, ಎಲ್ಲ ಹೇಳಿದ. ಅಂಥ ಸಾಕ್ಷಿಯನ್ನು ಯಾರೂ ಹೇಳಿಕೊಟ್ಟು ತಯಾರು ಮಾಡಲು ಆಗುವುದಿಲ್ಲ.

ಕೊನೆಯ ವಾದದ ದಿನ ಎದುರು ವಕೀಲರು ಕಮಿಷನರ್ ವರದಿಯ ಆ ಕೊನೆಯ ಸಾಲನ್ನು ಹಿಡಿದರು. ಮರಗಳು ಪೂರ್ತಿ ಸತ್ತಿಲ್ಲ, ಎರಡು ಚಿಗುರಿವೆ, ಮತ್ತೆ ಬೆಳೆಯುತ್ತವೆ, ಹಾಗಾಗಿ ಇಷ್ಟೊಂದು ನಷ್ಟ ಆಗಿಲ್ಲ ಅಂದರು. ನಷ್ಟ ಕಡಿಮೆ ಮಾಡಲು ಒಳ್ಳೆಯ ವಾದ. ಚಿಗುರು ಮರವಾಗಿ ಕಾಯಿ ಬಿಡಲು ಎಷ್ಟೋ ವರ್ಷ ಬೇಕು ಅಂತ ನಾನು ಉತ್ತರ ಕೊಡಬೇಕಿತ್ತು, ಕೊಟ್ಟೆ. ಆದರೆ ಅದಕ್ಕಿಂತ ಮೊದಲು ಹೇಳಬೇಕಾದ್ದು ಇನ್ನೊಂದಿತ್ತು. ಮರಗಳು ಇಲ್ಲ, ಆದ್ದರಿಂದ ದಾವೆ ನಿಷ್ಫಲ ಅನ್ನುವುದು ಅವರ ಮೆಮೊ. ಮರಗಳು ಬದುಕಿವೆ, ಬೆಳೆಯುತ್ತಿವೆ ಅನ್ನುವುದು ಅವರ ವಾದ. ಬದುಕಿರುವ ಮರಕ್ಕೆ ನಿರ್ಬಂಧಕಾಜ್ಞೆ ಹೇಗೆ ನಿಷ್ಫಲವಾಗುತ್ತದೆ? ನಾವು ಮೂಲ ಕೋರಿಕೆಯನ್ನು ಅಳಿಸದೆ ಹಾಗೇ ಉಳಿಸಿಕೊಂಡಿದ್ದು ಅಂದು ಕೈ ಹಿಡಿಯಿತು.

ತೀರ್ಪು ಬಂದದ್ದು ಅದಾಗಿ ಐದು ವಾರಕ್ಕೆ. ದಾವೆ ಭಾಗಶಃ ಡಿಕ್ರಿ. ಬದುವಿಗೂ ಚಿಗುರಿದ ಬೊಡ್ಡೆಗಳಿಗೂ ಶಾಶ್ವತ ನಿರ್ಬಂಧಕಾಜ್ಞೆ. ಪ್ರತಿವಾದಿಗಳು ತಮ್ಮ ಖರ್ಚಿನಲ್ಲಿ ಸರ್ವೆ ಮಾಡಿಸಿ ಬಾಂದುಕಲ್ಲು ನೆಡಿಸಬೇಕು. ಮೂರು ಮರಕ್ಕೆ ಪೂರ್ತಿ, ಗೆರೆಯ ಮೇಲಿದ್ದ ಮರಕ್ಕೆ ಅರ್ಧ ನಷ್ಟ ಪರಿಹಾರ. ಮೊತ್ತ ನಾವು ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ‘ನಿಷ್ಫಲ’ ಅನ್ನುವ ಪದ ತೀರ್ಪಿನಲ್ಲಿ ಒಂದೇ ಕಡೆ ಬಂದಿತ್ತು: ‘ಈಗಾಗಲೇ ಕಡಿದಿರುವ ಕಾಂಡಗಳ ಮಟ್ಟಿಗೆ ಮೊದಲ ಕೋರಿಕೆ ನಿಷ್ಫಲವಾಗಿದ್ದು, ಆ ಬಗ್ಗೆ ಆದೇಶದ ಅಗತ್ಯವಿಲ್ಲ.’ ಎಷ್ಟಕ್ಕೆ ಬೇಕೋ ಅಷ್ಟಕ್ಕೇ ಬಳಸಿದ್ದರು. ‘ವಜಾ’ ಅನ್ನುವುದು ಅದರ ಪಕ್ಕದಲ್ಲೆಲ್ಲೂ ಇರಲಿಲ್ಲ.

ಎದುರು ಪಕ್ಷದವರು ಮೇಲ್ಮನವಿ ಹಾಕಲಿಲ್ಲ. ಹಣವನ್ನೂ ಪೂರ್ತಿ ಕೊಡಲಿಲ್ಲ. ಅರ್ಧ ಕೋರ್ಟಿಗೆ ಕಟ್ಟಿದ್ದಾರೆ, ಉಳಿದದ್ದಕ್ಕೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಕೇಳುವ ಅರ್ಜಿ, ನಡೆಯುತ್ತಿದೆ.

ದೃಢೀಕೃತ ಪ್ರತಿ ಬಂದ ದಿನ ಅಮ್ಮ ಆಫೀಸಿಗೆ ಬಂದಿದ್ದರು. ‘ಅವತ್ತು ಅವರು ಬರೆದಿದ್ರಲ್ಲ ಸಾರ್, ಆ ಮಾತು ಇದರಲ್ಲೂ ಇದೆಯಂತೆ. ಎಲ್ಲಿ?’ ಅಂತ ಕೇಳಿದರು. ಹದಿನಾಲ್ಕನೇ ಪುಟ ತೆಗೆದು ತೋರಿಸಿದೆ. ಆ ಸಾಲಿನ ಕೆಳಗೆ ಬೆರಳಿಟ್ಟು ಈ ಕಡೆಯಿಂದ ಆ ಕಡೆಗೆ ಒಮ್ಮೆ ಎಳೆದರು. ‘ಇಷ್ಟೇನಾ?’ ಅಂದರು. ‘ಇಷ್ಟೇ ಅಮ್ಮ’ ಅಂದೆ. ಪ್ರತಿಯನ್ನು ಮಡಿಚಿ, ಆ ಪ್ಲಾಸ್ಟಿಕ್ ಕವರ್ ಬಿಚ್ಚಿ, ಚೀಟಿಗಳ ಜೊತೆಗೇ ಒಳಗಿಟ್ಟರು. ಆಮೇಲೆ ಅಮಲ್ಜಾರಿಯ ಮುಂದಿನ ತಾರೀಖು ಯಾವತ್ತು ಅಂತ ಕೇಳಿಕೊಂಡು ಬಸ್ಸಿಗೆ ಹೊರಟರು.